ಕೆಮ್ಮು ಬಿಡದಿದ್ದಾಗ ಯಾವ ದಾರಿ: ಕಾಯುವುದು, ಪರೀಕ್ಷಿಸುವುದು, ಆ್ಯಂಟಿಬಯೋಟಿಕ್ ತೆಗೆದುಕೊಳ್ಳುವುದು

ಉಸಿರಾಟದ ಸೋಂಕು ತಗುಲಿದವರು ಆ್ಯಂಟಿಬಯೋಟಿಕ್ ಬೇಕೆಂದು ಹಂಬಲಿಸುವುದು ಸಾಮಾನ್ಯವಾಗಿ ಮೊದಲ ದಿನವಲ್ಲ. ಜ್ವರ ಬಿಟ್ಟು, ಮೈಕೈ ನೋವು ತಗ್ಗಿ, ಹಸಿವೂ ಮರಳಿದ ಮೇಲೆ ಕೆಮ್ಮು ಮಾತ್ರ ಹಟ ಹಿಡಿದು ಉಳಿದುಕೊಂಡಾಗ, ಅಂದರೆ ಎರಡನೆಯ ವಾರದ ಹೊತ್ತಿಗೆ, ಇದು ತಾನಾಗಿ ಹೋಗುವ ಕಾಯಿಲೆಯಲ್ಲ, ಏನಾದರೂ ಗಟ್ಟಿ ಔಷಧವೇ ಬೇಕು ಎಂಬ ಅನುಮಾನ ತಲೆಯೆತ್ತುತ್ತದೆ. ಆದರೆ ಬಹುತೇಕರಲ್ಲಿ ಆ ಹೊತ್ತಿಗೆ ವೈರಸ್ಸಿನ ಹಾವಳಿ ಮುಗಿದಿರುತ್ತದೆ. ಉಳಿದಿರುವುದು ಒಳಗಿನ ದುರಸ್ತಿಯ ಕೆಲಸ. ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲದು ಅಥವಾ ಅದರ ಬೆಳವಣಿಗೆಯನ್ನು ತಡೆಯಬಲ್ಲದು, ಗಾಯಗೊಂಡ ಶ್ವಾಸನಾಳವನ್ನು ವಾಸಿಮಾಡಲಾರದು. ಅದಕ್ಕಾಗಿಯೇ, ಅದು ಬೇಕೋ ಬೇಡವೋ ಎಂಬುದನ್ನು ಎಷ್ಟು ದಿನ ನರಳಿದೆವು ಎಂಬ ಲೆಕ್ಕದ ಮೇಲೆ ತೀರ್ಮಾನಿಸುವುದಕ್ಕಿಂತ, ಕಾಯಿಲೆ ಎಲ್ಲಿ ಕೂತಿದೆ ಮತ್ತು ಯಾವ ಕಡೆಗೆ ಸಾಗುತ್ತಿದೆ ಎಂಬುದರ ಮೇಲೆ ತೀರ್ಮಾನಿಸುವುದು ಸರಿಯಾದ ಕ್ರಮ.

ಶ್ವಾಸನಾಳದ ಒಳಪದರದ ಜೀವಕೋಶಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿರುತ್ತವೆ. ಕಫವನ್ನೂ ಅದರಲ್ಲಿ ಸಿಕ್ಕಿಕೊಂಡ ದೂಳನ್ನೂ ಅವು ಗಂಟಲಿನತ್ತ ತಳ್ಳುತ್ತಿರುತ್ತವೆ. ವೈರಸ್ ದಾಳಿಯಿಟ್ಟಾಗ ಈ ಜೀವಕೋಶಗಳು ಸಾಯುತ್ತವೆ, ಪದರ ಉದುರುತ್ತದೆ, ಕೆಳಗಿನ ನರತುದಿಗಳು ಸೂಕ್ಷ್ಮವಾಗುತ್ತವೆ. ತಣ್ಣನೆಯ ಗಾಳಿ, ನಗು, ಜೋರು ಮಾತು, ಹೊಗೆಯ ವಾಸನೆ ಇವಿಷ್ಟೇ ಕೆಮ್ಮು ತರಿಸುವುದು ಆ ಕಾರಣಕ್ಕೆ. ಹೊಸ ಪದರ ಬೆಳೆದು ರೋಮಗಳು ಮತ್ತೆ ಒಂದೇ ಲಯದಲ್ಲಿ ಬೀಸತೊಡಗಲು ವಾರಗಳೇ ಬೇಕು. ತೀವ್ರ ಬ್ರಾಂಕೈಟಿಸ್‌ನ, ಅಂದರೆ ಶ್ವಾಸನಾಳಗಳ ದಿಢೀರ್ ಉರಿಯೂತದ, ಕೆಮ್ಮು ಸರಾಸರಿ 18 ದಿನ ಇರುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ತಿಳಿದುಬಂದಿದೆ. ಜನರನ್ನು ಕೇಳಿದರೆ ಒಂದು ವಾರ, ಹೆಚ್ಚೆಂದರೆ ಒಂಬತ್ತು ದಿನ ಎನ್ನುತ್ತಾರೆ. ಅನಗತ್ಯ ಆ್ಯಂಟಿಬಯೋಟಿಕ್‌ಗಳ ದೊಡ್ಡ ಪಾಲು ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಹುಟ್ಟುತ್ತದೆ ಎಂಬುದು ನನ್ನ ಅನಿಸಿಕೆ.

ರೋಗಿಯ ಮುಂದೆ ವಾಸ್ತವವಾಗಿ ನಾಲ್ಕು ದಾರಿಗಳಿವೆ: ಆ್ಯಂಟಿಬಯೋಟಿಕ್ ಇಲ್ಲದೆ ಕಾಯುವುದು, ವೈದ್ಯರಿಂದ ಔಷಧಚೀಟಿ ಪಡೆದು ಬಳಸದೆ ಕಾಯುವುದು, ಪರೀಕ್ಷೆ ಮಾಡಿಸಿ ನಿರ್ಧರಿಸುವುದು, ತಕ್ಷಣ ಶುರುಮಾಡುವುದು. ಇವುಗಳಲ್ಲಿ ಯಾವುದೂ ಎಲ್ಲರಿಗೂ ಸಲ್ಲುವಂಥದ್ದಲ್ಲ.

ಮೊದಲ ದಾರಿ: ಆ್ಯಂಟಿಬಯೋಟಿಕ್ ಇಲ್ಲದೆ ಕಾಯುವುದು

ನೆಗಡಿ, ಫ್ಲೂ, ಕೋವಿಡ್ ಇವು ವೈರಸ್‌ನಿಂದ ಬರುವ ಕಾಯಿಲೆಗಳು. ತೀವ್ರ ಬ್ರಾಂಕೈಟಿಸ್ ಕೂಡ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸಲ ವೈರಸ್‌ನಿಂದಲೇ ಬರುತ್ತದೆ. ಇಲ್ಲಿ ಆ್ಯಂಟಿಬಯೋಟಿಕ್‌ನ ಲಾಭ ಎಷ್ಟು ಎಂಬುದನ್ನು ಅಳೆದು ನೋಡಿದ್ದಾರೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ ಪರಿಶೀಲನೆಯ ಪ್ರಕಾರ ತೀವ್ರ ಬ್ರಾಂಕೈಟಿಸ್‌ನಲ್ಲಿ ಅದು ಕೆಮ್ಮಿನ ಅವಧಿಯನ್ನು ಸುಮಾರು ಅರ್ಧ ದಿನದಷ್ಟು ತಗ್ಗಿಸುತ್ತದೆ. ಯುರೋಪಿನ 12 ದೇಶಗಳ ಎರಡು ಸಾವಿರಕ್ಕೂ ಹೆಚ್ಚು ವಯಸ್ಕರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ, ನ್ಯುಮೋನಿಯಾದ ಶಂಕೆಯಿಲ್ಲದೆ ಕೆಮ್ಮಿನಿಂದ ಬಂದವರಲ್ಲಿ ಕೆಲವರಿಗೆ ಅಮಾಕ್ಸಿಸಿಲಿನ್, ಉಳಿದವರಿಗೆ ಔಷಧಾಂಶವೇ ಇಲ್ಲದ ಮಾತ್ರೆ ಕೊಡಲಾಯಿತು. ತೊಂದರೆಯ ತೀವ್ರತೆಯಲ್ಲಾಗಲಿ ಅವಧಿಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾಯಿಲೆ ಉಲ್ಬಣಿಸುವುದು ಅಮಾಕ್ಸಿಸಿಲಿನ್ ಪಡೆದ ಮೂವತ್ತು ಮಂದಿಗೆ ಒಬ್ಬರಲ್ಲಿ ತಪ್ಪಿದರೆ, ಇಪ್ಪತ್ತೊಂದು ಮಂದಿಗೆ ಒಬ್ಬರಿಗೆ ವಾಕರಿಕೆ, ಭೇದಿ ಅಥವಾ ಮೈಮೇಲೆ ದದ್ದು ಹೆಚ್ಚುವರಿಯಾಗಿ ಬಂತು. 60 ವರ್ಷ ದಾಟಿದವರನ್ನು ಪ್ರತ್ಯೇಕವಾಗಿ ನೋಡಿದಾಗಲೂ ಚಿತ್ರ ಬದಲಾಗಲಿಲ್ಲ.

ಕಫದ ಬಣ್ಣದ ವಿಚಾರವನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ‘ಕಫ ಹಳದಿಯಾಗಿದೆ, ಹಸಿರಾಗಿದೆ’ ಎಂಬುದು ವೈದ್ಯರ ಮುಂದೆ ಮಂಡಿಸುವ ಮೊದಲ ಸಾಕ್ಷ್ಯ. ಆ ಬಣ್ಣ ಬರುವುದು ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿರುವ ಹಸಿರು ಬಣ್ಣದ ಕಿಣ್ವದಿಂದ. ವೈರಸ್ ಬಂದಾಗಲೂ ಆ ಕಣಗಳು ಅಲ್ಲಿಗೆ ಧಾವಿಸುತ್ತವೆ. ನೆಗಡಿ ಹಿಡಿದ ಮೂರನೆಯ, ನಾಲ್ಕನೆಯ ದಿನ ತಿಳಿಯಾಗಿದ್ದ ಸಿಂಬಳ ದಪ್ಪಗೆ ಹಳದಿಯಾಗುವುದು ಅದರ ಸಹಜ ನಡೆ. ಹಿಂದೆ ಶ್ವಾಸಕೋಶದ ಕಾಯಿಲೆಯಿಲ್ಲದ ವ್ಯಕ್ತಿಯಲ್ಲಿ ಬಣ್ಣವೊಂದನ್ನೇ ನೋಡಿ ಆ್ಯಂಟಿಬಯೋಟಿಕ್ ಕೊಡುವುದಕ್ಕೆ ಆಧಾರವಿಲ್ಲ. ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಳಿಯುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇರುವವರ ಮಾತು ಬೇರೆ, ಅದು ಮುಂದೆ ಬರುತ್ತದೆ.

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಜ್ವರಕ್ಕೂ ನೋವಿಗೂ ಪ್ಯಾರಾಸಿಟಮಾಲ್ ಇದೆ. ಆರೋಗ್ಯವಂತ ವಯಸ್ಕರಲ್ಲಿ ದಿನಕ್ಕೆ 4 ಗ್ರಾಂ ಮೀರಬಾರದು, ಮತ್ತು ನೆಗಡಿಯ ಮಿಶ್ರ ಮಾತ್ರೆಗಳಲ್ಲಿ ಅದೇ ಔಷಧ ಅಡಗಿರುವುದರಿಂದ ಎರಡನ್ನೂ ಸೇರಿಸಿ ಲೆಕ್ಕ ಹಾಕಬೇಕು. ಮೂಗು ಕಟ್ಟಿದ್ದಕ್ಕೆ ಹಾಕುವ ರಕ್ತನಾಳ ಕುಗ್ಗಿಸುವ ಹನಿಗಳನ್ನು ಮೂರರಿಂದ ಐದು ದಿನ ಮೀರಿ ಬಳಸಿದರೆ, ಹನಿ ಬಿಟ್ಟೊಡನೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಜೇನುತುಪ್ಪ ರಾತ್ರಿಯ ಕೆಮ್ಮನ್ನು ಸ್ವಲ್ಪ ತಗ್ಗಿಸಬಹುದು, ಆದರೆ ಬಾಟುಲಿಸಂ ಎಂಬ ಅಪರೂಪದ ಆದರೆ ಗಂಭೀರ ವಿಷಬಾಧೆಯ ಅಪಾಯವಿರುವುದರಿಂದ ಒಂದು ವರ್ಷದೊಳಗಿನ ಮಗುವಿಗೆ ಕೊಡಲೇಬಾರದು. ಬಿಸಿನೀರಿನ ಹಬೆ ಹಾಯೆನಿಸಿದರೂ ಕಾಯಿಲೆಯ ಅವಧಿ ತಗ್ಗಿಸುತ್ತದೆಂಬುದಕ್ಕೆ ಪುರಾವೆ ಕಡಿಮೆ, ಪಾತ್ರೆ ಮಗುಚಿ ಮಕ್ಕಳಿಗೆ ಸುಟ್ಟಗಾಯಗಳಾಗುವುದಂತೂ ನಿಜ. ಸಣ್ಣ ಮಕ್ಕಳಿಗೆ ಅಂಗಡಿಯಲ್ಲಿ ಸಿಗುವ ಕೆಮ್ಮಿನ ಸಿರಪ್ಪುಗಳನ್ನು ವೈದ್ಯರನ್ನು ಕೇಳದೆ ಕೊಡುವುದು ಸಲ್ಲದು. ಫ್ಲೂ ತೀವ್ರವಾಗುವ ಅಪಾಯವಿರುವವರು, ಅಂದರೆ ವೃದ್ಧರು, ಗರ್ಭಿಣಿಯರು, ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯವರು ಮಾತ್ರ ಸುಮ್ಮನೆ ಕಾಯದೆ ಬೇಗ ವೈದ್ಯರನ್ನು ಕಾಣಬೇಕು, ಏಕೆಂದರೆ ಒಸೆಲ್ಟಾಮಿವಿರ್‌ನಂಥ ವೈರಸ್‌ನಿರೋಧಕ ಔಷಧ ಲಕ್ಷಣ ಕಾಣಿಸಿದ 48 ಗಂಟೆಯೊಳಗೆ ಆರಂಭವಾದರೆ ಹೆಚ್ಚು ಫಲ ಕೊಡುತ್ತದೆ.

ಎರಡನೆಯ ದಾರಿ: ಚೀಟಿ ಕೈಯಲ್ಲಿಟ್ಟುಕೊಂಡು ಕಾಯುವುದು

ಇಲ್ಲಿ ವೈದ್ಯರು ಔಷಧವನ್ನು ಬರೆದುಕೊಡುತ್ತಾರೆ, ಆದರೆ ಇಂತಿಷ್ಟು ದಿನದಲ್ಲಿ ಸುಧಾರಣೆ ಕಾಣದಿದ್ದರೆ ಅಥವಾ ಇಂಥ ಲಕ್ಷಣ ಹೊಸದಾಗಿ ಬಂದರೆ ಮಾತ್ರ ಶುರುಮಾಡಿ ಎಂದು ಸ್ಪಷ್ಟವಾಗಿ ಹೇಳುತ್ತಾರೆ. ಬ್ರಿಟನ್ನಿನಲ್ಲಿ ಚಿಕಿತ್ಸಾಕ್ರಮಗಳನ್ನು ರೂಪಿಸುವ ನೈಸ್ ಸಂಸ್ಥೆಯ ಮಾರ್ಗಸೂಚಿಗಳಲ್ಲಿ ಗಂಟಲುನೋವು, ಸೈನಸ್ ಸೋಂಕುಗಳಿಗೆ ಇದೊಂದು ಅಂಗೀಕೃತ ಕ್ರಮ. ಕಾಕ್ರೇನ್ ಪರಿಶೀಲನೆಯೊಂದರಲ್ಲಿ, ತಕ್ಷಣ ತೆಗೆದುಕೊಳ್ಳಿ ಎಂದು ಬರೆದುಕೊಟ್ಟವರಲ್ಲಿ ಶೇ 93 ಮಂದಿ, ಕಾದು ನೋಡಿ ಎಂದು ಬರೆದುಕೊಟ್ಟವರಲ್ಲಿ ಶೇ 31 ಮಂದಿ, ಬರೆದೇ ಕೊಡದವರಲ್ಲಿ ಶೇ 14 ಮಂದಿ ಕೊನೆಗೆ ಆ್ಯಂಟಿಬಯೋಟಿಕ್ ಬಳಸಿದ್ದರು. ರೋಗಿಗಳ ತೃಪ್ತಿಯಲ್ಲಿ ಮೊದಲೆರಡು ಗುಂಪುಗಳ ನಡುವೆ ಅಷ್ಟೇನೂ ಅಂತರ ಇರಲಿಲ್ಲ.

ಮರಳಿ ವೈದ್ಯರ ಬಳಿ ಹೋಗುವುದು ಕಷ್ಟವಿರುವವರಿಗೆ, ರಜೆಯ ದಿನಗಳು ಎದುರಿಗಿರುವವರಿಗೆ ಈ ದಾರಿ ಅನುಕೂಲ. ಆದರೆ ಚೀಟಿಯ ಜತೆಗೆ ಷರತ್ತೂ ಬರೆದಿರಬೇಕು. ‘ಬೇಕೆನಿಸಿದರೆ ತೆಗೆದುಕೊಳ್ಳಿ’ ಎಂಬಷ್ಟೇ ಸೂಚನೆಯಿದ್ದರೆ ಕೆಮ್ಮಿನಿಂದ ನಿದ್ದೆಗೆಟ್ಟ ರಾತ್ರಿಯೇ ನಿರ್ಧಾರ ಮಾಡಿಬಿಡುತ್ತದೆ.

ಮೂರನೆಯ ದಾರಿ: ಪರೀಕ್ಷೆ ಮಾಡಿಸಿ ನಿರ್ಧರಿಸುವುದು

ಗಂಟಲುನೋವಿನಲ್ಲಿ ಪರೀಕ್ಷೆಯ ಬೆಲೆ ಹೆಚ್ಚು. ಗಂಟಲುನೋವಿಗೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಕಾರಣವಾಗಿರುವುದು ಮಕ್ಕಳಲ್ಲಿ ಹತ್ತರಲ್ಲಿ ಎರಡು ಮೂರು ಸಲ, ವಯಸ್ಕರಲ್ಲಿ ಸುಮಾರು ಒಂದು ಸಲ. ಜ್ವರ, ಟಾನ್ಸಿಲ್ ಮೇಲೆ ಬಿಳಿ ಲೇಪ, ಕುತ್ತಿಗೆಯ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟು, ಕೆಮ್ಮು ಇಲ್ಲದಿರುವುದು ಈ ನಾಲ್ಕನ್ನು ವೈದ್ಯರು ಎಣಿಸುತ್ತಾರೆ. ಒಂದೋ ಸೊನ್ನೆಯೋ ಇದ್ದರೆ ಪರೀಕ್ಷೆಯೂ ಬೇಡ, ಹೆಚ್ಚಿದ್ದರೆ ಗಂಟಲ ದ್ರವದ ಕ್ಷಿಪ್ರ ಪರೀಕ್ಷೆ ಉತ್ತರ ಹೇಳುತ್ತದೆ. ಗಂಟಲುನೋವಿನ ಜತೆ ಕೆಮ್ಮು, ಮೂಗು ಸೋರುವಿಕೆ, ಧ್ವನಿ ಒಡೆಯುವಿಕೆ ಇದ್ದರೆ ವೈರಸ್‌ನ ಸಾಧ್ಯತೆಯೇ ಹೆಚ್ಚು.

ಕೆಮ್ಮಿನಲ್ಲಿ, ನ್ಯುಮೋನಿಯಾ ಹೌದೋ ಅಲ್ಲವೋ ಎಂಬ ಗೊಂದಲವಿದ್ದಾಗ, ಸಿಆರ್‌ಪಿ ಎಂಬ, ದೇಹದಲ್ಲಿನ ಉರಿಯೂತದ ಮಟ್ಟವನ್ನು ತೋರಿಸುವ ರಕ್ತಪರೀಕ್ಷೆ ನೆರವಿಗೆ ಬರುತ್ತದೆ. ಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಆ್ಯಂಟಿಬಯೋಟಿಕ್ ಬೇಡ, 100ಕ್ಕಿಂತ ಹೆಚ್ಚಿದ್ದರೆ ಕೊಡುವುದು ಒಳಿತು, ನಡುವೆ ಇದ್ದರೆ ಕಾದು ನೋಡುವ ಚೀಟಿಯನ್ನು ಪರಿಗಣಿಸಬಹುದು ಎಂಬುದು ಪ್ರಚಲಿತ ಅಳತೆಗೋಲು. ಇದಕ್ಕೂ ಮಿತಿಯಿದೆ: ಕಾಯಿಲೆಯ ಮೊದಲ ದಿನ ಅಂಕಿ ಇನ್ನೂ ಏರಿರುವುದಿಲ್ಲ, ಜೋರು ಫ್ಲೂನಲ್ಲೂ ಅದು ಏರಬಹುದು. ಎದೆಯ ಎಕ್ಸ್‌ರೇ ನ್ಯುಮೋನಿಯಾವನ್ನು ತೋರಿಸುತ್ತದೆ, ಆದರೆ ಕೆಮ್ಮಿದವರಿಗೆಲ್ಲ ಅದು ಬೇಡ. ಜ್ವರ, ಏದುಸಿರು, ಸ್ಟೆತಸ್ಕೋಪಿನಲ್ಲಿ ಎದೆಯ ಒಂದೇ ಕಡೆ ಕೇಳುವ ಚಿಟಪಟ ಸದ್ದು ಇಂಥವು ಇದ್ದಾಗ ಬೇಕು.

ನಾಲ್ಕನೆಯ ದಾರಿ: ತಕ್ಷಣ ಶುರುಮಾಡುವುದು

ಆ್ಯಂಟಿಬಯೋಟಿಕ್‌ನ ಅಪಾಯಗಳ ಬಗ್ಗೆ ಬರೆಯುವಾಗ ಅದು ಜೀವ ಉಳಿಸುವ ಸಂದರ್ಭಗಳನ್ನು ಮರೆಸಿಬಿಡುವುದು ಬೇಜವಾಬ್ದಾರಿ. ಬ್ಯಾಕ್ಟೀರಿಯಾದಿಂದ ಬಂದ ನ್ಯುಮೋನಿಯಾದಲ್ಲಿ ತಡಮಾಡುವುದೇ ಅಪಾಯ. ಖಚಿತವಾದ ಸ್ಟ್ರೆಪ್ ಗಂಟಲುನೋವಿಗೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಕೊಡುವುದು ನೋವು ಬೇಗ ಹೋಗಲೆಂದಷ್ಟೇ ಅಲ್ಲ, ಮುಂದೆ ಹೃದಯದ ಕವಾಟಗಳನ್ನು ಕೆಡಿಸಬಲ್ಲ ರುಮ್ಯಾಟಿಕ್ ಜ್ವರವನ್ನು ತಡೆಯಲೆಂದು. ನಾಯಿಕೆಮ್ಮಿನಲ್ಲಿ ಅಜಿತ್ರೊಮೈಸಿನ್‌ನಂಥ ಔಷಧ, ತಡವಾಗಿ ಕೊಟ್ಟರೆ ಕೆಮ್ಮನ್ನು ಅಷ್ಟಾಗಿ ತಗ್ಗಿಸದಿದ್ದರೂ, ಸೋಂಕು ಮನೆಯ ಹಸುಗೂಸಿಗೆ ಹರಡುವುದನ್ನು ತಡೆಯುತ್ತದೆ. ಸಿಒಪಿಡಿ ಇರುವವರಲ್ಲಿ ಏದುಸಿರು ಹೆಚ್ಚಿ, ಕಫದ ಪ್ರಮಾಣ ಹೆಚ್ಚಿ, ಅದರ ಬಣ್ಣವೂ ಕೀವಿನಂತಾದರೆ ಆಗ ಬಣ್ಣಕ್ಕೆ ನಿಜವಾಗಿಯೂ ಅರ್ಥವಿದೆ.

ಸೈನಸೈಟಿಸ್, ಅಂದರೆ ಮೂಗಿನ ಸುತ್ತಲಿನ ಮೂಳೆಯ ಟೊಳ್ಳುಗಳ ಉರಿಯೂತ, ಕಾಯುವುದು ಮತ್ತು ತಕ್ಷಣ ಶುರುಮಾಡುವುದು ಇವೆರಡರ ನಡುವೆ ನಿಲ್ಲುತ್ತದೆ. ವೈರಸ್ ನೆಗಡಿಗಳಲ್ಲಿ ನೂರಕ್ಕೆ ಎರಡಕ್ಕಿಂತ ಹೆಚ್ಚಿನವು ಬ್ಯಾಕ್ಟೀರಿಯಾದ ಸೈನಸೈಟಿಸ್‌ಗೆ ತಿರುಗುವುದಿಲ್ಲ. ಹತ್ತು ದಿನ ಕಳೆದರೂ ಕಿಂಚಿತ್ತೂ ಇಳಿಮುಖವಾಗದಿರುವುದು, ಆರಂಭದಲ್ಲೇ ಮೂರು ನಾಲ್ಕು ದಿನ 39 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಜ್ವರದ ಜತೆ ಕೀವಿನಂಥ ಸಿಂಬಳ ಮತ್ತು ಮುಖದ ನೋವು, ಅಥವಾ ಐದಾರು ದಿನಕ್ಕೆ ಇಳಿದಂತಾಗಿ ಮತ್ತೆ ಜ್ವರ, ತಲೆನೋವು ಕೆರಳುವುದು ಈ ಮೂರರಲ್ಲಿ ಒಂದಾದರೂ ಇದ್ದರೆ ಬ್ಯಾಕ್ಟೀರಿಯಾವನ್ನು ಶಂಕಿಸುತ್ತಾರೆ. ಮೂರನೆಯದಕ್ಕೆ, ಅಂದರೆ ಇಳಿದು ಮತ್ತೆ ಏರುವ ಲಕ್ಷಣಕ್ಕೆ, ನಾನು ಹೆಚ್ಚಿನ ತೂಕ ಕೊಡುತ್ತೇನೆ; ಫ್ಲೂ ಬಿಟ್ಟ ಮೇಲೆ ನ್ಯುಮೋನಿಯಾ ಬರುವುದೂ ಬಹುಮಟ್ಟಿಗೆ ಇದೇ ನಡೆಯಲ್ಲಿ.

ಕೆಲವು ಲಕ್ಷಣಗಳಿದ್ದಾಗ ಈ ನಾಲ್ಕು ದಾರಿಗಳ ಹೋಲಿಕೆಯೇ ಅಪ್ರಸ್ತುತ, ನೇರವಾಗಿ ಆಸ್ಪತ್ರೆಗೆ ಹೋಗಬೇಕು. ವಯಸ್ಕರಲ್ಲಿ ವಿಶ್ರಾಂತಿಯಲ್ಲಿದ್ದಾಗಲೂ ನಿಮಿಷಕ್ಕೆ 30 ಅಥವಾ ಹೆಚ್ಚು ಉಸಿರು, ಹೊಸದಾಗಿ ಬಂದ ಗಲಿಬಿಲಿ, ತುಟಿ ನೀಲಿಗಟ್ಟುವುದು, ಕಫದಲ್ಲಿ ರಕ್ತ, ಉಸಿರೆಳೆದಾಗ ಚುಚ್ಚುವ ಎದೆನೋವು ಅಂಥವು. ಮಕ್ಕಳ ಉಸಿರನ್ನು ಅವರು ಅಳದಿರುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎರಡು ತಿಂಗಳೊಳಗಿನ ಕೂಸಿನಲ್ಲಿ 60, ಎರಡರಿಂದ ಹನ್ನೊಂದು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರು. ಎಣಿಸುವಾಗ ಮಗುವಿನ ಅಂಗಿ ಮೇಲೆತ್ತಿ ಪಕ್ಕೆಲುಬಿನ ಕೆಳಭಾಗ ನೋಡಿ. ಉಸಿರೆಳೆದಾಗ ಅದು ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ ಎಣಿಕೆ ಮುಗಿಯುವವರೆಗೂ ಕಾಯಬೇಕಿಲ್ಲ.

ಔಷಧ ಔಷಧಕ್ಕೂ ಅಪಾಯ ಬೇರೆ

ಆ್ಯಂಟಿಬಯೋಟಿಕ್‌ಗಳನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿ ‘ಪವರ್ ಕಡಿಮೆ’, ‘ಪವರ್ ಜಾಸ್ತಿ’ ಎಂದು ಮಾತನಾಡುವುದು ರೂಢಿಯಾಗಿದೆ, ಆದರೆ ಅವುಗಳ ವ್ಯತ್ಯಾಸವಿರುವುದು ಬಲದಲ್ಲಿ ಅಲ್ಲ, ಯಾವ ಬ್ಯಾಕ್ಟೀರಿಯಾಕ್ಕೆ ತಾಗುತ್ತದೆ ಮತ್ತು ದೇಹದಲ್ಲಿ ಎಲ್ಲಿ ತೊಂದರೆ ಕೊಡುತ್ತದೆ ಎಂಬುದರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇವುಗಳನ್ನು ಆ್ಯಕ್ಸೆಸ್, ವಾಚ್, ರಿಸರ್ವ್ ಎಂಬ ಗುಂಪುಗಳಾಗಿ ವಿಂಗಡಿಸಿತು. ಮೊದಲ ಆಯ್ಕೆಯಾಗಬಲ್ಲ ಆ್ಯಕ್ಸೆಸ್ ಗುಂಪಿನಲ್ಲಿ ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್ ಇವೆ. ನಿರೋಧಕತೆಯನ್ನು, ಅಂದರೆ ಬ್ಯಾಕ್ಟೀರಿಯಾ ಔಷಧಕ್ಕೆ ಜಗ್ಗದಂತಾಗುವುದನ್ನು, ಹೆಚ್ಚು ಪ್ರಚೋದಿಸುವ ಕಾರಣ ಎಚ್ಚರದಿಂದ ಬಳಸಬೇಕಾದ ವಾಚ್ ಗುಂಪಿನಲ್ಲಿ ಅಜಿತ್ರೊಮೈಸಿನ್, ಲೆವೊಫ್ಲಾಕ್ಸಾಸಿನ್ ಇವೆ.

ಅಮಾಕ್ಸಿಸಿಲಿನ್‌ನಿಂದ ಭೇದಿ, ದದ್ದು ಬರಬಹುದು, ಅಪರೂಪಕ್ಕೆ ಗಂಭೀರ ಅಲರ್ಜಿ. ಹದಿಹರೆಯದವರಲ್ಲಿ ಸಾಮಾನ್ಯವಾದ, ವೈರಸ್‌ನಿಂದ ಬರುವ ಗ್ರಂಥಿಜ್ವರದ ಗಂಟಲುನೋವಿಗೆ ಅದನ್ನು ತಪ್ಪಾಗಿ ಕೊಟ್ಟರೆ ಮೈತುಂಬ ದದ್ದೇಳಬಹುದು, ಎದ್ದರೆ ಆ ವ್ಯಕ್ತಿ ಜೀವನಪೂರ್ತಿ ‘ಪೆನಿಸಿಲಿನ್ ಅಲರ್ಜಿ’ ಎಂಬ ಹಣೆಪಟ್ಟಿ ಹೊತ್ತು ತಿರುಗುತ್ತಾನೆ. ಕ್ಲಾವುಲನೇಟ್ ಸೇರಿಸಿದ ಅಮಾಕ್ಸಿಸಿಲಿನ್‌ನಲ್ಲಿ ಭೇದಿ ಇನ್ನೂ ಹೆಚ್ಚು, ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾಗಿ ಕಾಮಾಲೆ ಕಾಣಿಸಬಹುದು, ಅದೂ ಮಾತ್ರೆ ಮುಗಿದು ವಾರಗಳಾದ ಮೇಲೆ. ದಿನಕ್ಕೊಂದು ಮಾತ್ರೆ, ಕೆಲವೇ ದಿನದ ಕೋರ್ಸ್ ಎಂಬ ಅನುಕೂಲಕ್ಕೆ ಜನಪ್ರಿಯವಾಗಿರುವ ಅಜಿತ್ರೊಮೈಸಿನ್ ಹೃದಯದ ವಿದ್ಯುತ್ ಲಯವನ್ನು ಏರುಪೇರು ಮಾಡಬಲ್ಲದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಎಚ್ಚರಿಸಿತು. ಹೃದ್ರೋಗಿಗಳಿಗೆ, ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಿರುವವರಿಗೆ ಇದು ಸಣ್ಣ ವಿಷಯವಲ್ಲ. ಡಾಕ್ಸಿಸೈಕ್ಲಿನ್ ಅನ್ನು ಸಾಕಷ್ಟು ನೀರಿನೊಡನೆ ನುಂಗಿ ಸ್ವಲ್ಪ ಹೊತ್ತು ನೆಟ್ಟಗೆ ಕೂರದೆ ಮಲಗಿಬಿಟ್ಟರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳ ಜತೆ ತೆಗೆದುಕೊಂಡರೆ ಅವು ಅದನ್ನು ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲ.

ಸಾಮಾನ್ಯ ಕೆಮ್ಮಿಗೆ ಲೆವೊಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಫ್ಲೋರೊಕ್ವಿನೊಲೋನ್‌ಗಳನ್ನು ಬರೆದಿದ್ದರೆ ಏಕೆಂದು ಕೇಳುವುದು ರೋಗಿಯ ಹಕ್ಕು. ಹಿಮ್ಮಡಿಯ ಸ್ನಾಯುರಜ್ಜು ಹರಿಯುವುದು, ಕೈಕಾಲಿನ ನರಗಳಲ್ಲಿ ಉರಿ ಮತ್ತು ಜೋಮು, ಮಾನಸಿಕ ಗೊಂದಲ ಇವು ಅಪರೂಪವಾದರೂ ದೀರ್ಘಕಾಲ ಉಳಿಯಬಹುದಾದ ಪರಿಣಾಮಗಳು. 60 ದಾಟಿದವರಲ್ಲಿ, ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಸ್ನಾಯುರಜ್ಜಿನ ಅಪಾಯ ಹೆಚ್ಚು. 2016ರಲ್ಲಿ ಎಫ್‌ಡಿಎ, ಬೇರೆ ಔಷಧ ಇರುವಾಗ ಸೈನಸೈಟಿಸ್, ಬ್ರಾಂಕೈಟಿಸ್‌ಗಳಿಗೆ ಇವನ್ನು ಬಳಸಬಾರದೆಂದು ಹೇಳಿತು. ಇನ್ನೊಂದು ಅಪಾಯ ಹೆಚ್ಚಾಗಿ ಚರ್ಚೆಗೆ ಬರುವುದಿಲ್ಲ: ಈ ಗುಂಪಿನ ಔಷಧಗಳು ಕ್ಷಯದ ಬ್ಯಾಕ್ಟೀರಿಯಾದ ಮೇಲೂ ಅರೆಬರೆ ಕೆಲಸ ಮಾಡುವುದರಿಂದ, ಕೆಮ್ಮಿನ ನಿಜವಾದ ಕಾರಣ ಕ್ಷಯವಾಗಿದ್ದರೆ ತಾತ್ಕಾಲಿಕವಾಗಿ ಸುಧಾರಿಸಿದಂತೆ ಕಂಡು ಪತ್ತೆ ತಡವಾಗುತ್ತದೆ.

ಯಾವ ಆ್ಯಂಟಿಬಯೋಟಿಕ್ ಆದರೂ ಗುರಿಯಿಟ್ಟ ಬ್ಯಾಕ್ಟೀರಿಯಾದ ಜತೆ ಕರುಳಿನ ಉಪಕಾರಿ ಜೀವಿಗಳನ್ನೂ ಕೊಲ್ಲುತ್ತದೆ. ತೆರವಾದ ಜಾಗದಲ್ಲಿ ಕ್ಲಾಸ್ಟ್ರಿಡಿಯೊಯ್ಡಿಸ್ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾ ಬೆಳೆದರೆ ನಿಲ್ಲದ ನೀರುಭೇದಿ, ಹೊಟ್ಟೆನೋವು, ಜ್ವರ ಬರುತ್ತವೆ. ಔಷಧ ನಿಲ್ಲಿಸಿ ಎರಡು ಮೂರು ತಿಂಗಳವರೆಗೂ ಈ ಸಾಧ್ಯತೆ ಉಳಿದಿರುತ್ತದೆ. ಹಾಗಾದಾಗ ಭೇದಿ ನಿಲ್ಲಿಸುವ ಮಾತ್ರೆ ನುಂಗದೆ, ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದ ವಿಚಾರವನ್ನು ವೈದ್ಯರಿಗೆ ಹೇಳಬೇಕು. ನಿರೋಧಕತೆಯೂ ಎಲ್ಲೋ ದೂರದ ಸಾಮಾಜಿಕ ಸಮಸ್ಯೆಯಲ್ಲ. ಒಂದು ಕೋರ್ಸ್ ಮುಗಿಸಿದ ವ್ಯಕ್ತಿಯ ದೇಹದಲ್ಲೇ ನಿರೋಧಕ ಬ್ಯಾಕ್ಟೀರಿಯಾಗಳು ಮೊದಲ ತಿಂಗಳಲ್ಲಿ ಹೆಚ್ಚಾಗಿದ್ದು, ಒಂದು ವರ್ಷದವರೆಗೂ ಉಳಿಯಬಹುದು. ಈ ಸಲ ಬೇಡದ ಕೆಮ್ಮಿಗೆ ಬಳಸಿದ ಔಷಧ, ಮುಂದಿನ ಸಲ ಬೇಕಾದ ನ್ಯುಮೋನಿಯಾಕ್ಕೆ ಕೈಕೊಡಬಹುದು. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಬ್ಯಾಕ್ಟೀರಿಯಾಗಳ ಔಷಧ ನಿರೋಧಕತೆ ನೇರ ಕಾರಣವೆಂದು ಅಂದಾಜಿಸಲಾಗಿದೆ.

ಪೆನಿಸಿಲಿನ್ ಅಲರ್ಜಿಯಿದೆ ಎನ್ನುವವರು ಸುಮಾರು ನೂರಕ್ಕೆ ಹತ್ತು ಮಂದಿ ಇದ್ದರೂ ಪರೀಕ್ಷಿಸಿದಾಗ ನಿಜವಾದ ಅಲರ್ಜಿ ಒಬ್ಬರಲ್ಲೂ ಇರುವುದು ಅನುಮಾನ. ಆ ಹಣೆಪಟ್ಟಿಯಿಂದಾಗಿ ಸಿಗುವುದು ಹೆಚ್ಚು ಅಡ್ಡ ಪರಿಣಾಮವಿರುವ ಬದಲಿ ಔಷಧ. ಆದ್ದರಿಂದ ಹಿಂದೆ ಏನಾಗಿತ್ತು ಎಂಬುದನ್ನು, ಬರೀ ವಾಂತಿಯೋ, ದದ್ದೋ, ಮುಖ ಊದಿ ಉಸಿರು ಕಟ್ಟಿತ್ತೋ ಎಂಬುದನ್ನು, ನಿಖರವಾಗಿ ಹೇಳುವುದು ಔಷಧದ ಆಯ್ಕೆಯನ್ನೇ ಬದಲಿಸಬಲ್ಲದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು ಅದನ್ನೂ ಹೇಳಬೇಕು, ಏಕೆಂದರೆ ಹಲವು ಆ್ಯಂಟಿಬಯೋಟಿಕ್‌ಗಳು ಅದರ ಪರಿಣಾಮವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿಮಾಡುತ್ತವೆ.

ಒಂದು ಕೋರ್ಸ್ ಮುಗಿದರೂ ಕೆಮ್ಮು ಉಳಿದಿದ್ದರೆ

ಎರಡನೆಯ ಕೋರ್ಸ್ ಕೇಳುವ ಮುನ್ನ ನೋಡಬೇಕಾದದ್ದು ಜ್ವರ ಮತ್ತು ಉಸಿರು. ಜ್ವರ ಬಿಟ್ಟು, ಉಸಿರು ಸರಾಗವಾಗಿ, ಕೆಮ್ಮು ದಿನದಿಂದ ದಿನಕ್ಕೆ ಅಲ್ಲದಿದ್ದರೂ ವಾರದಿಂದ ವಾರಕ್ಕೆ ತಗ್ಗುತ್ತಿದ್ದರೆ ಅದು ಸೋಂಕಿನ ನಂತರದ ಕೆಮ್ಮು. ಮೂರರಿಂದ ಎಂಟು ವಾರ ಇರಬಲ್ಲದು, ಆ್ಯಂಟಿಬಯೋಟಿಕ್‌ಗೆ ಜಗ್ಗುವುದಿಲ್ಲ. ರಾತ್ರಿ ಸುಂಯ್‌ಗುಟ್ಟುವ ಕೆಮ್ಮಾದರೆ ಆಸ್ತಮಾ, ಮಲಗಿದೊಡನೆ ಎದೆಯುರಿಯೊಂದಿಗೆ ಬಂದರೆ ಆಮ್ಲದ ಹಿಮ್ಮುಖ ಹರಿವು, ರಕ್ತದೊತ್ತಡಕ್ಕೆ ಎನಾಲಪ್ರಿಲ್, ರಾಮಿಪ್ರಿಲ್ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ಮಾತ್ರೆಯೇ ಕಾರಣವಿರಬಹುದು. ಕ್ಷಯ ಹೆಚ್ಚಿರುವ ಪ್ರದೇಶಗಳಲ್ಲಿ ಎರಡು ವಾರ ಮೀರಿದ ಕೆಮ್ಮಿಗೆ, ಅದರಲ್ಲೂ ತೂಕ ಇಳಿಕೆ, ರಾತ್ರಿ ಬೆವರು ಇದ್ದರೆ, ಹೊಸ ಆ್ಯಂಟಿಬಯೋಟಿಕ್‌ಗಿಂತ ಮೊದಲು ಕಫದ ಪರೀಕ್ಷೆ ಆಗಬೇಕು.

ನ್ಯುಮೋನಿಯಾ ಆಗಿದ್ದವರ ಚೇತರಿಕೆಯ ಗತಿಯೇ ಬೇರೆ. ಸಾಮಾನ್ಯವಾಗಿ ಒಂದು ವಾರಕ್ಕೆ ಜ್ವರ ಬಿಟ್ಟಿರಬೇಕು, ನಾಲ್ಕು ವಾರಕ್ಕೆ ಎದೆನೋವು ಮತ್ತು ಕಫ ಬಹುಪಾಲು ತಗ್ಗಿರಬೇಕು, ಆರು ವಾರಕ್ಕೆ ಕೆಮ್ಮು ಮತ್ತು ಏದುಸಿರು ಇಳಿದಿರಬೇಕು. ಮೂರು ತಿಂಗಳಾದರೂ ಸುಸ್ತು ಉಳಿಯಬಹುದು, ಆರು ತಿಂಗಳಿಗೆ ಹೆಚ್ಚಿನವರು ಮೊದಲಿನಂತಾಗುತ್ತಾರೆ. ಔಷಧ ಮಾತ್ರ ಇಷ್ಟು ದೀರ್ಘವಲ್ಲ: ತೀವ್ರವಲ್ಲದ ನ್ಯುಮೋನಿಯಾಕ್ಕೆ, ಸುಧಾರಣೆ ಕಾಣುತ್ತಿದ್ದರೆ, ಐದು ದಿನ ಸಾಕೆಂಬುದು ಇಂದಿನ ಕ್ರಮ. ವೈದ್ಯರು ಹೇಳಿದಷ್ಟು ದಿನ ತೆಗೆದುಕೊಂಡು, ಉಳಿದ ಮಾತ್ರೆಯನ್ನು ಮುಂದಿನ ನೆಗಡಿಗೆಂದು ಎತ್ತಿಡದೆ ಔಷಧದಂಗಡಿಗೆ ಹಿಂದಿರುಗಿಸುವುದೋ ಸುರಕ್ಷಿತವಾಗಿ ವಿಲೇವಾರಿ ಮಾಡುವುದೋ ಲೇಸು. ಧೂಮಪಾನಿಗಳಿಗೆ, 50 ದಾಟಿದವರಿಗೆ, ತೊಂದರೆ ಇಳಿಯದೇ ಇರುವವರಿಗೆ ಸುಮಾರು ಆರು ವಾರದ ನಂತರ ಎದೆಯ ಎಕ್ಸ್‌ರೇಯನ್ನು ಮತ್ತೊಮ್ಮೆ ತೆಗೆಸಲು ಹೇಳುವುದುಂಟು, ಏಕೆಂದರೆ ಶ್ವಾಸಕೋಶದ ಗಡ್ಡೆ ಕೆಲವೊಮ್ಮೆ ನ್ಯುಮೋನಿಯಾದ ಹಿಂದೆ ಅಡಗಿರುತ್ತದೆ. ಅದಕ್ಕಿಂತ ಬೇಗ ತೆಗೆಸಿದರೆ, ರೋಗಿ ಚೆನ್ನಾಗಿದ್ದರೂ ಚಿತ್ರದಲ್ಲಿ ನೆರಳು ಇನ್ನೂ ಕರಗಿರುವುದಿಲ್ಲ, ಆ ನೆರಳನ್ನು ನೋಡಿ ಮತ್ತೊಂದು ಆ್ಯಂಟಿಬಯೋಟಿಕ್ ಬರೆಯುವ ಸಂದರ್ಭ ಒದಗುತ್ತದೆ.